ಸುಗ್ಗಿಯ ಮನೆಗೆ ತಿಂಗಳ ಪಗಾರ

ನಮ್ಮ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಒಕ್ಕಲು ಮನೆತನಗಳು ತಲೆತಲಾಂತರದಿಂದ ವರ್ಷಕ್ಕೊಮ್ಮೆ ಆದಾಯ ಕಂಡಂಥವು. ಹಿಂಗಾರಿ ಜೋಳ, ತೊಗರಿ, ಕಡಲೆ ಮನೆಗೆ ಬಂದಾಗಲೇ ಬದುಕಿನ ಲೆಕ್ಕ ಆರಂಭ. ಆ ಕಾಳಿನಲ್ಲಿಯೇ ಮುಂದಿನ ಸುಗ್ಗಿಯವರೆಗಿನ ರೊಟ್ಟಿ, ಬಟ್ಟೆಬರೆ, ಮದುವೆ, ಹಬ್ಬ ಎಲ್ಲವೂ ಅಡಗಿದ್ದವು. ಅಂಥ ಮನೆಗಳ ಮಕ್ಕಳು ಇಂದು ಶಿಕ್ಷಕರಾಗಿ, ದಾದಿಯರಾಗಿ, ಬಸ್ಸಿನ ನಿರ್ವಾಹಕರಾಗಿ, ಕಾರಖಾನೆಯ ಕೆಲಸಗಾರರಾಗಿ ತಿಂಗಳಿಗೊಮ್ಮೆ ಪಗಾರ ಎಣಿಸುತ್ತಿದ್ದಾರೆ. ‘ಪಗಾರ’ವೆಂಬ ಶಬ್ದವೇ ಪೋರ್ತುಗೀಜರಿಂದ ಬಂದದ್ದು. ಶಬ್ದವನ್ನು ನಾವು ಸಲೀಸಾಗಿ ನಮ್ಮದಾಗಿಸಿಕೊಂಡೆವು. ಆದರೆ ಅದರೊಡನೆ ಬಾಳುವ ರೀತಿಯನ್ನು ಇನ್ನೂ ಪೂರ್ಣವಾಗಿ ಕಲಿತಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಆದಾಯವಿದ್ದ ತಾಯಂದಿರು ಹನ್ನೆರಡು ತಿಂಗಳು ಒಲೆ ಉರಿಸಿದರು. ಪ್ರತಿ ತಿಂಗಳೂ ಆದಾಯವಿರುವ ಅವರ ಮಕ್ಕಳಿಗೆ ಇಪ್ಪತ್ತನೆಯ ತಾರೀಖು ದಾಟುವುದೇ ದುಸ್ತರವಾಗಿದೆ. ಇದು ಕೇವಲ ದುಂದುಗಾರಿಕೆಯ ಫಲವೆಂದು ಹಳಿಯುವುದು ಸುಲಭ. ಕಾರಣ ಬೇರೆಯೇ ಇದೆ.

ಮೊದಲ ನಲವತ್ತು ದಿನಗಳು

ಒಕ್ಕಲಿಗನು ಉಣ್ಣುವುದು ಕಳೆದ ವರ್ಷದ ಜೋಳವನ್ನು. ಹೊಲದಲ್ಲಿ ನಿಂತ ಬೆಳೆ ಮುಂದಿನ ವರ್ಷದ್ದು. ಅಂದರೆ ಅವನ ಮನೆ ಯಾವಾಗಲೂ ಒಂದು ಬೆಳೆಯಷ್ಟು ಮುಂದಿರುತ್ತದೆ. ಹಾಗಿರದ ವರ್ಷವನ್ನೇ ನಾವು ಬರಗಾಲವೆನ್ನುವುದು. ನೌಕರನಾದರೋ ಮೊದಲ ದಿನದಿಂದಲೇ ಹಿಂದೆ ಬೀಳುತ್ತಾನೆ. ಒಂದನೆಯ ತಾರೀಖಿಗೆ ಕೆಲಸಕ್ಕೆ ಸೇರಿದವನು ಮೂವತ್ತು ದಿನ ದುಡಿಯಬೇಕು, ಅನಂತರ ಪಗಾರಕ್ಕಾಗಿ ಇನ್ನೊಂದು ವಾರವಾದರೂ ಕಾಯಬೇಕು. 1936ರ ವೇತನ ಪಾವತಿ ಕಾಯಿದೆಯು ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದಲ್ಲಿ ಏಳು ದಿನಗಳ, ಉಳಿದೆಡೆ ಹತ್ತು ದಿನಗಳ ಗಡುವು ವಿಧಿಸಿತ್ತು. 2019ರ ವೇತನ ಸಂಹಿತೆಯು ತಿಂಗಳ ಪಗಾರಕ್ಕೆ ಏಳು ದಿನಗಳೆಂದು ಹೇಳಿತು. ಹೇಗೇ ಎಣಿಸಿದರೂ ಮೊದಲ ಪಗಾರ ಕೈಗೆ ಬರುವ ಹೊತ್ತಿಗೆ ಸುಮಾರು ನಲವತ್ತು ದಿನಗಳು ಸಂದಿರುತ್ತವೆ.

ಆ ನಲವತ್ತು ದಿನ ಉಣ್ಣುವುದೇನನ್ನು? ಕಿರಾಣಿ ಅಂಗಡಿಯ ಉದ್ರಿ. ಮೊದಲ ಪಗಾರ ಆ ಉದ್ರಿಗೆ ಸಲ್ಲುತ್ತದೆ. ಕೈ ಮತ್ತೆ ಬರಿದಾಗಿ ಎರಡನೆಯ ತಿಂಗಳೂ ಉದ್ರಿಯಲ್ಲಿಯೇ ನಡೆಯುತ್ತದೆ. ಹೀಗೆ ಮೊದಲ ತಿಂಗಳು ಬಿದ್ದ ಗಂಟು ಎಷ್ಟೋ ಮನೆಗಳಲ್ಲಿ ನಿವೃತ್ತಿಯವರೆಗೂ ಬಿಚ್ಚುವುದಿಲ್ಲ. ಹೊಲದಲ್ಲಿ ಇನ್ನೂ ತೆನೆಗಟ್ಟದ ಜೋಳವನ್ನು ಇಂದೇ ಬೀಸಿ ಉಂಡಂತಾಯಿತು ಇದು.

ಸೊಲ್ಲಾಪುರಕ್ಕೆ ಇದು ಹೊಸ ಕಥೆಯಲ್ಲ. 1877ರಲ್ಲಿ ಅಲ್ಲಿ ಮೊದಲ ಬಟ್ಟೆ ಮಿಲ್ಲು ತಲೆಯೆತ್ತಿದ ಮೇಲೆ ಸುತ್ತಲಿನ ಹಳ್ಳಿಗಳ ಕನ್ನಡಿಗರು, ಮರಾಠಿಗರು, ತೆಲುಗರು ಭೋಂಗಾದ ಕೂಗಿಗೆ ಎದ್ದು ದುಡಿಯತೊಡಗಿದರು. ದೇಶದ ಕಾರ್ಮಿಕರ ಸ್ಥಿತಿಗತಿಯನ್ನು ವಿಚಾರಿಸಲು 1929ರಲ್ಲಿ ನೇಮಕಗೊಂಡ, ವ್ಹಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಕಮಿಷನ್ನು 1931ರಲ್ಲಿ ವರದಿಯೊಪ್ಪಿಸಿತು. ಬಹುತೇಕ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕುಟುಂಬಗಳು ಸಾಲದಲ್ಲಿವೆಯೆಂದೂ, ಬಹುಮಂದಿಯ ಸಾಲ ಮೂರು ತಿಂಗಳ ಪಗಾರವನ್ನು ಮೀರಿದೆಯೆಂದೂ ಅದು ಕಂಡಿತು. ರೂಪಾಯಿಗೆ ತಿಂಗಳಿಗೊಂದು ಆಣೆ ಬಡ್ಡಿ ಆಗ ಸಾಮಾನ್ಯವಾಗಿತ್ತು. ಆಣೆಯೊಂದು ಎಂದಾಗ ಅಲ್ಪವೆನಿಸುತ್ತದೆ. ವರ್ಷದ ಲೆಕ್ಕ ಹಾಕಿದರೆ ನೂರಕ್ಕೆ 75 ಆಗುತ್ತದೆ!

ಇಂದು ಆಣೆ ಹೋಗಿದೆ, ಮಾತಿನ ಮೋಸ ಉಳಿದಿದೆ. ‘ನೂರಕ್ಕೆ ಐದು’ ಎಂದು ಖಾಸಗಿ ಸಾಲ ಕೊಡುವವರು ಹೇಳುವುದು ತಿಂಗಳಿಗೆ. ವರ್ಷಕ್ಕೆ ಅದು 60. ಮಹಾರಾಷ್ಟ್ರದ 2014ರ ಲೇವಾದೇವಿ ಕಾಯಿದೆಯಂತೆ ಬಡ್ಡಿ ವ್ಯವಹಾರ ನಡೆಸುವವನಿಗೆ ಪರವಾನಗಿ ಬೇಕು. ಈಚೆಗೆ ಮೊಬೈಲಿನಲ್ಲಿಯೇ ಐದು ನಿಮಿಷದಲ್ಲಿ ಸಾಲ ಸಿಗುವ ವ್ಯವಸ್ಥೆಯೂ ಬಂದಿದೆ. ಅಂಥ ಸಾಲದ ವಾರ್ಷಿಕ ಒಟ್ಟು ವೆಚ್ಚವನ್ನು ಸಾಲಗಾರನಿಗೆ ಮುಂಚಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಿಸಿತು. ಆ ಒಂದು ಅಂಕಿಯನ್ನು ಓದದೆ ಯಾರೂ ಬೆರಳೊತ್ತಬಾರದು.

ಬೀಜ ಮೊದಲು

ಪರಿಹಾರ ನಮ್ಮ ಹಿರಿಯರ ಕಣದಲ್ಲಿಯೇ ಇದೆ. ರಾಶಿಯಾದೊಡನೆ ಅವರು ಮೊದಲು ತೆಗೆದಿಡುತ್ತಿದ್ದುದು ಬೀಜ. ಅನಂತರ ಬಡಿಗ, ಕಮ್ಮಾರ ಮೊದಲಾದ ಆಯಗಾರರ ಪಾಲು. ಉಳಿದುದು ಹಗೇವಿಗೆ, ಮನೆಯ ಊಟಕ್ಕೆ. ಉಂಡು ಉಳಿದರೆ ಬೀಜಕ್ಕಿಡೋಣ ಎಂದ ಒಕ್ಕಲಿಗನನ್ನು ಯಾರಾದರೂ ಕಂಡಿದ್ದೀರಾ? ಪಗಾರದವರಾದ ನಾವಾದರೋ ತಿಂಗಳ ಕೊನೆಗೆ ಉಳಿದರೆ ಉಳಿತಾಯವೆನ್ನುತ್ತೇವೆ. ಆದುದರಿಂದಲೇ ಅದು ಉಳಿಯುವುದಿಲ್ಲ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಮಹಾರಾಷ್ಟ್ರದಲ್ಲಿ ಹೊಸದಾಗಿ ನೇಮಕಗೊಂಡ ಪ್ರಾಥಮಿಕ ಶಿಕ್ಷಕರಿಗೆ ‘ಶಿಕ್ಷಣ ಸೇವಕ’ರೆಂದು ಮೊದಲ ಮೂರು ವರ್ಷ ನಿಗದಿಯಾದ ಗೌರವಧನ ಮಾತ್ರ ದೊರೆಯುವ ಪದ್ಧತಿ ಬಂದಿತು. ಅದು 6,000 ರೂಪಾಯಿಯಿದ್ದುದು 2023ರ ಜನವರಿಯಿಂದ 16,000 ಆಯಿತು. ಈ 16,000ವನ್ನೇ ರಾಶಿಯೆಂದು ತಿಳಿಯೋಣ.

ಬಂದ ದಿನವೇ 1,600 ರೂಪಾಯಿ ಬೀಜವೆಂದು ಬೇರೆ ಖಾತೆಗೆ ಹೋಗಲಿ. ಎರಡನೆಯದಾಗಿ, ಆಯದಂತೆ ವರ್ಷಕ್ಕೊಮ್ಮೆ ಬರುವ ಖರ್ಚುಗಳಿಗೆ 2,400. ಜೂನಿನಲ್ಲಿ ಮಕ್ಕಳ ಪುಸ್ತಕ, ದೀಪಾವಳಿಯ ಬಟ್ಟೆ, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ, ವಿಮೆಯ ಕಂತು, ಬಂಧುಗಳ ಮದುವೆಯ ಆಹೇರಿ ಇವೆಲ್ಲ ತಿಳಿಸದೆ ಬರುವ ಅತಿಥಿಗಳಲ್ಲ, ಪಂಚಾಂಗದಲ್ಲಿಯೇ ಬರೆದಿರುವಂಥವು. ತಿಂಗಳಿಗೆ 2,400ರಂತೆ ವರ್ಷಕ್ಕೆ 28,800 ರೂಪಾಯಿ ಅವುಗಳಿಗಾಗಿ ಕಾದಿರುತ್ತದೆ.

ಉಳಿದ 12,000 ಮನೆಯ ಖರ್ಚಿಗೆ. ಅನೇಕರು ಇದನ್ನು ನಾಲ್ಕು ವಾರಗಳಿಗೆ ಮೂರು ಸಾವಿರದಂತೆ ಹಂಚುತ್ತಾರೆ. ಇಲ್ಲಿಯೇ ಲೆಕ್ಕ ತಪ್ಪುವುದು. ನಾಲ್ಕು ವಾರವೆಂದರೆ 28 ದಿನ. ತಿಂಗಳಿಗೆ ಇನ್ನೂ ಎರಡು-ಮೂರು ದಿನಗಳಿರುತ್ತವೆ, ಉದ್ರಿ ತರಿಸುವುದು ಆ ದಿನಗಳೇ. ಆದುದರಿಂದ ಮೂವತ್ತರಿಂದ ಭಾಗಿಸಿ ದಿನಕ್ಕೆ 400 ಎನ್ನಬೇಕು. ವಾರಕ್ಕೆ 2,800 ಆಯಿತು, ನಾಲ್ಕು ವಾರಕ್ಕೆ 11,200. ಉಳಿದ 800 ಕೊನೆಯ ದಿನಗಳ ಬುತ್ತಿ.

ಮೊದಲ ನಲವತ್ತು ದಿನಗಳ ಪ್ರಶ್ನೆ ಇನ್ನೂ ಉಳಿಯಿತು. ಹೊಲಮನೆಯುಳ್ಳವರು ಕೆಲಸದ ಊರಿಗೆ ಹೊರಡುವ ಮಗನಿಗೆ ಹೊಸ ಮೊಬೈಲಿಗಿಂತ ಎರಡು ತಿಂಗಳ ಜೋಳ, ತೊಗರಿಬೇಳೆ, ಖಾರದ ಪುಡಿ ಕಟ್ಟಿಕೊಡಲಿ. ಉದ್ರಿಯ ಪುಸ್ತಕ ತೆರೆಯುವ ಪ್ರಸಂಗವೇ ತಪ್ಪುತ್ತದೆ. ಈಗಾಗಲೇ ಸಿಕ್ಕಿಬಿದ್ದವರು ತಮ್ಮ ಬೀಜದ ಹಣದಿಂದಲೇ ಮೊದಲು ಉದ್ರಿ ತೀರಿಸಲಿ. ಅನಂತರ 1,600ರಂತೆ ಎಂಟು ತಿಂಗಳು ಕೂಡಿಸಿದರೆ 12,800 ಆಗುತ್ತದೆ, ಅಂದರೆ ಒಂದು ತಿಂಗಳ ಮನೆಖರ್ಚಿಗಿಂತ ತುಸು ಹೆಚ್ಚು. ಅಂದಿನಿಂದ ಆ ಮನೆ ಒಕ್ಕಲಿಗನಂತೆ ಹಿಂದಿನ ತಿಂಗಳ ಕಾಳನ್ನು ಉಣ್ಣತೊಡಗುತ್ತದೆ. ಪಗಾರ ಹತ್ತು ದಿನ ತಡವಾದರೂ ಒಲೆ ಆರದು. ಅನಂತರದ ಬೀಜಕ್ಕೆ ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯಿದೆ, ತಿಂಗಳಿಗೆ ನೂರು ರೂಪಾಯಿಯಿಂದಲೂ ಕಟ್ಟಬಹುದು. ಹೆಣ್ಣುಮಕ್ಕಳ ಬಚತ ಗಟಗಳೂ ಇವೆ. ತೆನೆ ತೆನೆ ಕೂಡಿದರೆ ಬಳ್ಳವಲ್ಲವೆ?

ಎಲ್ಲರ ಕಣ್ಣಿಗೆ ಕಾಣಲಿ

ಇನ್ನೊಂದು ಮಾತು, ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು. ಹಗೇವಿನ ಕಾಳು ಎಷ್ಟು ಇಳಿಯಿತೆಂಬುದು ಮನೆಯ ಹೆಣ್ಣುಮಗಳಿಗೆ ಗೊತ್ತಿರುತ್ತಿತ್ತು. ಅದನ್ನು ನೋಡಿಯೇ ಅವಳು ಕೈ ಬಿಗಿಹಿಡಿಯುತ್ತಿದ್ದಳು. ಇಂದಿನ ಪಗಾರ ಬ್ಯಾಂಕಿನ ಖಾತೆಗೆ ಬಂದು ಒಬ್ಬರ ಮೊಬೈಲಿನೊಳಗೆ ಅಡಗಿರುತ್ತದೆ. ಊರಲ್ಲಿರುವ ತಂದೆಗೆ ಮಗನ ಪಗಾರ ಅಕ್ಷಯಪಾತ್ರೆಯಂತೆ ತೋರುತ್ತದೆ. ತಮ್ಮನ ಬೋರ್‌ವೆಲ್ಲು, ತಂಗಿಯ ಮದುವೆ ಎಲ್ಲವೂ ಅವನ ಹೆಗಲೇರುತ್ತವೆ. ‘ಇಲ್ಲ’ವೆನ್ನಲು ನಾಚಿ ಆತ ಗುಟ್ಟಾಗಿ ಸಾಲ ತರುತ್ತಾನೆ. ಆ ಗುಟ್ಟು ಒಡೆಯುವ ಹೊತ್ತಿಗೆ ಬಡ್ಡಿ ಬೆಳೆದು ಅಣ್ಣತಮ್ಮಂದಿರ ನಡುವೆ ಮಾತೇ ನಿಂತಿರುತ್ತದೆ. ಪಗಾರವೆಷ್ಟು, ಕಡಿತವೆಷ್ಟು, ಕೈಗೆ ಬರುವುದೆಷ್ಟು ಎಂಬುದನ್ನು ಮಡದಿಗೂ ತಂದೆತಾಯಿಗೂ ತಿಳಿಸುವುದು ಅವಮಾನವಲ್ಲ, ಕುಟುಂಬದ ರಕ್ಷೆ.

ಕೂಡಿಡುವುದು ಶರಣರ ನಾಡಿಗೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ಗಂಡನು ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ತನ್ನ ಮನೆಗೆ ಬೇಕಾದುದೆಷ್ಟು ಎಂಬುದನ್ನು ಅಳೆದು ಬಲ್ಲವಳಾದುದರಿಂದಲೇ ಆಕೆ ಹೆಚ್ಚಾದುದನ್ನು ಗುರುತಿಸಿದಳು. ಆ ಅಳತೆಯೇ ನಮಗಿಂದು ಬೇಕಾಗಿರುವುದು. ಅದು ಗೊತ್ತಿದ್ದವನಿಗೆ ನೆರೆಯವನ ಹೊಸ ಗಾಡಿ ಕಂಡು ಕಂತಿನ ಕಾಗದಕ್ಕೆ ರುಜು ಹಾಕುವ ಆತುರವಿರದು. ಕಷ್ಟದಲ್ಲಿರುವವರಿಗೆ ನಾಲ್ಕು ಕಾಸು ಕೊಡುವ ಶಕ್ತಿಯೂ ಇರುತ್ತದೆ.

ಬರುವ ಪಗಾರದ ದಿನ ಸಂಜೆ ಮನೆಯವರೆಲ್ಲ ಒಂದು ತಾಸು ಕೂಡಿ ಕುಳಿತು, ಶಾಲೆಗೆ ಹೋಗುವ ಮಗುವಿನ ಕೈಗೆ ನೋಟುಪುಸ್ತಕ ಕೊಟ್ಟು, ಬೀಜ, ವರ್ಷದ ಪಾಲು, ದಿನದ ಖರ್ಚು ಎಂದು ಮೂರು ಸಾಲು ಬರೆಯಿಸಿರಿ. ಮಗುವಿಗೆ ಲೆಕ್ಕವೂ ಬಂದೀತು, ಮನೆಯ ಸ್ಥಿತಿಯೂ ತಿಳಿದೀತು.