ಕೆಂಪು ಸೆರಗು: ಮುಟ್ಟು ಲೆಕ್ಕ ತಪ್ಪಿದಾಗ

ಹೆಣ್ಣುಮಕ್ಕಳ ಮುಟ್ಟಿನ ಬಗ್ಗೆ ಕನ್ನಡದಲ್ಲಿ ನೇರ ಮಾತಿಗಿಂತ ಮರೆಮಾತೇ ಹೆಚ್ಚು. ಹೊರಗಾಗುವುದು, ದೂರ ಕೂರುವುದು, ಒಳಗೆ ಬರದಿರುವುದು ಎಂಬ ಈ ಮಾತುಗಳು ಆಕೆ ಎಲ್ಲಿ ಕೂರಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಹೇಳುತ್ತವೆಯೇ ಹೊರತು ಎಷ್ಟು ದಿನ ಹೋಯಿತು, ಎಷ್ಟು ಹೋಯಿತು ಎಂಬುದನ್ನು ಹೇಳುವುದಿಲ್ಲ. ‘ಕೆಂಪು ಸೆರಗು’ ಎಂಬ ಹಳೆಯ ಹೆಸರೊಂದೇ ಇದಕ್ಕೆ ಹೊರತಾಗಿದ್ದು, ಮುಟ್ಟು ಅಳತೆ ಮೀರಿ ಹೋಗುವುದನ್ನು ಒಂದು ಕಾಯಿಲೆಯೆಂದೇ ಗುರುತಿಸುತ್ತದೆ. ಆಯುರ್ವೇದ ಗ್ರಂಥಗಳು ಇದನ್ನೇ ಪ್ರದರ ಅಥವಾ ಅಸೃಗ್ದರ ಎಂದು ಕರೆದಿವೆ. ಇಂದಿನ ವೈದ್ಯಶಾಸ್ತ್ರ ಇದಕ್ಕೆ ಗರ್ಭಕೋಶದ ಅಸಹಜ ರಕ್ತಸ್ರಾವ ಎಂಬ ವಿಶಾಲವಾದ ಹೆಸರಿಟ್ಟಿದ್ದು, ಹೆಚ್ಚು ಹೋಗುವುದು, ಹೆಚ್ಚು ದಿನ ಹೋಗುವುದು, ಹೊತ್ತಲ್ಲದ ಹೊತ್ತಿನಲ್ಲಿ ಹೋಗುವುದು ಮತ್ತು ಮುಟ್ಟು ನಿಂತ ಮೇಲೂ ಕಾಣಿಸಿಕೊಳ್ಳುವುದು ಎಲ್ಲವನ್ನೂ ಅದರೊಳಗೆ ಸೇರಿಸುತ್ತದೆ. ಇದು ಒಂದು ಲಕ್ಷಣ ಮಾತ್ರ, ರೋಗವಲ್ಲ. ಜ್ವರಕ್ಕೆ ಹೇಗೆ ಹತ್ತು ಕಾರಣಗಳಿರಬಹುದೋ ಹಾಗೆಯೇ ಇದಕ್ಕೂ ಇರುತ್ತವೆ. ಕಾರಣ ತಿಳಿಯದೆ ಗರ್ಭಕೋಶವನ್ನೇ ತೆಗೆಯುವ ಅವಸರ ಹುಟ್ಟುವುದು ಈ ವ್ಯತ್ಯಾಸ ಮರೆತಾಗಲೇ.

ಸಹಜ ಮುಟ್ಟಿನ ಅಳತೆ ಜನ ತಿಳಿದಿರುವುದಕ್ಕಿಂತ ಸಡಿಲವಾಗಿದೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರವಿದ್ದರೆ, ಸ್ರಾವ 8 ದಿನಗಳೊಳಗೆ ನಿಂತರೆ ಅದು ಸಹಜವೇ. ತಿಂಗಳಿಗೆ ಸರಿಯಾಗಿ 28ನೆಯ ದಿನಕ್ಕೆ ಆಗಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, 80 ಮಿಲಿಲೀಟರ್ ಮೀರಿದರೆ ಅದು ಅತಿಸ್ರಾವವೆಂದು ಹಿಂದಿನ ಪಠ್ಯಗಳು ಹೇಳುತ್ತಿದ್ದವು. ಆದರೆ ಮನೆಯಲ್ಲಿ ಯಾರೂ ರಕ್ತವನ್ನು ಅಳೆಯುವುದಿಲ್ಲವಾದ್ದರಿಂದ, ಆಕೆಯ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಸ್ರಾವವೆಲ್ಲ ಅತಿಸ್ರಾವವೇ ಎಂಬ ವ್ಯಾಖ್ಯೆಯನ್ನು ಈಗ ವೈದ್ಯರು ಒಪ್ಪುತ್ತಾರೆ. ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಗುವುದು, ರಾತ್ರಿ ಅದಕ್ಕಾಗಿಯೇ ಏಳಬೇಕಾಗುವುದು, ದೊಡ್ಡ ಹೆಪ್ಪುಗಳು ಬೀಳುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇವೆಲ್ಲ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣಗಳು. ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಮನೆಮನೆಗೆ ತಿರುಗುವ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಹೆಂಗಸಿಗೆ ಗಂಟೆಗೊಮ್ಮೆ ಬಟ್ಟೆ ಬದಲಿಸುವ ಜಾಗವೇ ದಾರಿಯಲ್ಲಿ ಸಿಗದಿರುವುದರಿಂದ, ಆಕೆಯ ಮಟ್ಟಿಗೆ ಈ ಅಡ್ಡಿ ಇನ್ನೂ ಬೇಗ ಆರಂಭವಾಗುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಲೆಕ್ಕಕ್ಕೆ ಹಿಡಿದಿಲ್ಲ.

ಸ್ರಾವ ಲೆಕ್ಕ ತಪ್ಪುವುದು ಹೇಗೆಂದು ತಿಳಿಯಲು ಅಂಕೋಲೆಯ ಬಳಿಯ ಬೊಬ್ರುವಾಡದ ಸುತ್ತಿನ ಕರಾವಳಿಯವರಿಗೆ ಗಂಗಾವಳಿ, ಅಘನಾಶಿನಿ ಅಳಿವೆಗಳ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಿಗಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ. ಗಜನಿಯ ಕಟ್ಟೆ ಗಟ್ಟಿಯಾಗಿದ್ದು, ಸಮುದ್ರ ಇಳಿತವಾದ ಹೊತ್ತಿಗೆ ಬಾಗಿಲು ತೆಗೆದರೆ, ಒಳಗೆ ನಿಂತ ನೀರು ಒಂದೇ ಸಮನೆ ಹರಿದು ಗದ್ದೆ ಖಾಲಿಯಾಗುತ್ತದೆ. ಬಾಗಿಲು ತೆರೆಯುವವರಿಲ್ಲದೆ ನೀರು ಏರುತ್ತಲೇ ಹೋದರೆ ಕಟ್ಟೆ ಇಂದು ಇಲ್ಲಿ, ನಾಳೆ ಅಲ್ಲಿ ಒಡೆದು, ದಿನಗಟ್ಟಲೆ ಸೋರುತ್ತದೆ. ಗರ್ಭಕೋಶದ ಒಳಪೊರೆಯ ಕಥೆಯೂ ಬಹುಮಟ್ಟಿಗೆ ಇದೇ. ತಿಂಗಳ ಮೊದಲ ಅರ್ಧದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ಆ ಪೊರೆಯನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟೆರಾನ್ ಅದನ್ನು ಗಟ್ಟಿಗೊಳಿಸಿ ಹಿಡಿದಿಡುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಳಿದು, ಪೊರೆ ಒಟ್ಟಾಗಿ ಕಳಚಿ, ಕೆಲವು ದಿನಗಳಲ್ಲಿ ಮುಟ್ಟು ಮುಗಿಯುತ್ತದೆ. ಯಾವುದೋ ಕಾರಣದಿಂದ ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರಾನ್ ಬರುವುದೇ ಇಲ್ಲ. ಪೊರೆ ಈಸ್ಟ್ರೋಜನ್ನಿನಿಂದ ಬೆಳೆಯುತ್ತಲೇ ಹೋಗಿ, ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಒಡೆಯುತ್ತದೆ. ಎರಡು ಮೂರು ತಿಂಗಳು ಮುಟ್ಟೇ ಆಗದೆ, ಆಮೇಲೆ ಹದಿನೈದಿಪ್ಪತ್ತು ದಿನ ನಿಲ್ಲದೆ ಹೋಗುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಹೀಗೆ ಅಂಡ ಬಿಡುಗಡೆ ತಪ್ಪುವುದು ಹೆಣ್ಣಿನ ಬದುಕಿನ ಎರಡು ತುದಿಗಳಲ್ಲಿ ಸಾಮಾನ್ಯ. ಮೈನೆರೆದ ಮೊದಲ ಎರಡು ಮೂರು ವರ್ಷ ಮಿದುಳು ಮತ್ತು ಅಂಡಾಶಯಗಳ ನಡುವಣ ಹೊಂದಾಣಿಕೆ ಪಕ್ವವಾಗಿರುವುದಿಲ್ಲ. ನಲವತ್ತು ದಾಟಿದ ಮೇಲೆ ಅದು ಮತ್ತೆ ಸಡಿಲವಾಗುತ್ತದೆ. ನಡುವಿನ ವಯಸ್ಸಿನಲ್ಲಿ ಪಿಸಿಒಎಸ್ ಎಂದು ಈಗ ಮನೆಮನೆಯ ಮಾತಾಗಿರುವ ಅಂಡಾಶಯದ ತೊಂದರೆ, ಥೈರಾಯ್ಡ್ ಏರುಪೇರು, ಮೈತೂಕದಲ್ಲಿ ಬಹಳ ಏರಿಕೆ ಅಥವಾ ಇಳಿಕೆ ಇದಕ್ಕೆ ಕಾರಣವಾಗಬಹುದು. ಔಷಧಗಳೂ ಕಾರಣವಾಗುತ್ತವೆ: ರಕ್ತ ತಿಳಿಯಾಗಿಸುವ ಮಾತ್ರೆಗಳು, ತಾಮ್ರದ ವಂಕಿ ಅಂದರೆ ಕಾಪರ್-ಟಿ, ಸರ್ಕಾರಿ ಕುಟುಂಬ ಯೋಜನೆಯಲ್ಲಿ 2017ರಿಂದ ಕೊಡಲಾಗುತ್ತಿರುವ ‘ಅಂತರಾ’ ಚುಚ್ಚುಮದ್ದು, ಇವೆಲ್ಲ ಸ್ರಾವದ ಲಯವನ್ನು ಕೆಡಿಸಬಲ್ಲವು. ಬಂಡಿ ಹಬ್ಬ, ಮದುವೆ, ಗೃಹಪ್ರವೇಶಗಳ ಮುನ್ನ ಮುಟ್ಟು ಮುಂದೂಡಲು ಔಷಧದ ಅಂಗಡಿಯಿಂದ ನೇರವಾಗಿ ತಂದು ನುಂಗುವ ಮಾತ್ರೆಯೂ ಪ್ರೊಜೆಸ್ಟೆರಾನ್ ಜಾತಿಯದೇ. ಅದನ್ನು ವೈದ್ಯರನ್ನು ಕೇಳದೆ ಪದೇ ಪದೇ ಬಳಸಿ, ನಡುವೆ ಬಿಟ್ಟು, ಮತ್ತೆ ಹಿಡಿದವರಲ್ಲಿ ಮುಂದಿನ ತಿಂಗಳ ಲೆಕ್ಕ ತಪ್ಪಿದರೆ ಆಶ್ಚರ್ಯವಿಲ್ಲ.

ಮೈನೆರೆದ ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ ಹುಡುಗಿಯ ವಿಷಯ ಬೇರೆ. ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಸಮೂಹದ ಒಂದು ಕುಟುಂಬದಲ್ಲಿ ರಕ್ತ ಬೇಗ ಹೆಪ್ಪುಗಟ್ಟದಿರುವ ದೋಷವನ್ನು ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ವಿವರಿಸಿದರು. ಆ ಮನೆಯ ಹುಡುಗಿಯೊಬ್ಬಳು ಮುಂದೆ 13ನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಇಂದು ಆ ದೋಷಕ್ಕೆ ಅವರದೇ ಹೆಸರಿದ್ದು, ಚಿಕಿತ್ಸೆಯೂ ಇದೆ. ಮೂಗಿನಿಂದ ಆಗಾಗ ರಕ್ತ ಸುರಿಯುವ, ಹಲ್ಲು ಕೀಳಿಸಿದಾಗ ರಕ್ತ ಬಹಳ ಹೊತ್ತು ನಿಲ್ಲದ ಹುಡುಗಿಗೆ ಮುಟ್ಟೂ ಹೆಚ್ಚು ಹೋಗುತ್ತಿದ್ದರೆ ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯದೆ ರಕ್ತಪರೀಕ್ಷೆ ಮಾಡಿಸಬೇಕು.

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ 2011ರಲ್ಲಿ ಕಾರಣಗಳನ್ನೆಲ್ಲ ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಇವುಗಳಲ್ಲಿ ಐದು ಮೇಲೆ ಹೇಳಿದಂತೆ ಹಾರ್ಮೋನು, ಹೆಪ್ಪುಗಟ್ಟುವಿಕೆ, ಔಷಧ ಮುಂತಾದ, ಕಣ್ಣಿಗೆ ಕಾಣದ ಕಾರಣಗಳು. ಉಳಿದ ನಾಲ್ಕು ಸ್ಕ್ಯಾನಿಂಗಿನಲ್ಲೋ ಸೂಕ್ಷ್ಮದರ್ಶಕದಲ್ಲೋ ಕಾಣಸಿಗುವಂಥವು. ಒಳಪೊರೆಯಿಂದ ತೊಟ್ಟಿನಂತೆ ಜೋತು ಬೀಳುವ ಸಣ್ಣ ಬೆಳವಣಿಗೆಗೆ ಪಾಲಿಪ್ ಎನ್ನುತ್ತಾರೆ. ಒಳಪೊರೆಯ ಅಂಶ ಗರ್ಭಕೋಶದ ಸ್ನಾಯುವಿನೊಳಗೇ ಹರಡಿ, ಮುಟ್ಟಿನಲ್ಲಿ ಹೊಟ್ಟೆ ಕಿವುಚುವ ನೋವು ಕೊಡುವುದು ಅಡಿನೊಮೈಯೋಸಿಸ್. ಜನ ‘ಗಡ್ಡೆ’ ಎಂದು ಹೆದರುವ ಫೈಬ್ರಾಯ್ಡ್, ಸ್ನಾಯುವಿನ ಗಂಟು. ಅದು ಬಹುಪಾಲು ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ತಾನಾಗಿಯೇ ಕುಗ್ಗುವುದೂ ಉಂಟು, ಮತ್ತು ತೊಂದರೆ ಕೊಡದ ಗಂಟನ್ನು ತೆಗೆಯಬೇಕಾಗಿಯೇ ಇಲ್ಲ. ನಾಲ್ಕನೆಯದು ಕ್ಯಾನ್ಸರ್ ಮತ್ತು ಅದರ ಮುನ್ನಿನ ಸ್ಥಿತಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣಿಸುವ ಒಂದು ಹನಿ ರಕ್ತವೂ, ಗಂಡಹೆಂಡಿರ ಕೂಟದ ನಂತರ ಕಾಣಿಸುವ ರಕ್ತವೂ ಪರೀಕ್ಷೆಯಿಲ್ಲದೆ ಬಿಡುವಂಥದ್ದಲ್ಲ. ಮೊದಲನೆಯದು ಗರ್ಭಕೋಶದ ಒಳಪೊರೆಯ ಕ್ಯಾನ್ಸರಿನ, ಎರಡನೆಯದು ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಸೂಚನೆಯಾಗಿರಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಆದರೆ ಆ ಒಬ್ಬರು ಯಾರೆಂದು ಹೊರನೋಟಕ್ಕೆ ತಿಳಿಯುವುದಿಲ್ಲ.

ಪರೀಕ್ಷೆಗಳು ಬಹಳವಿಲ್ಲ. ಮಕ್ಕಳಾಗುವ ವಯಸ್ಸಿನವರಲ್ಲಿ ಮೊದಲು ಗರ್ಭ ನಿಂತಿದೆಯೇ ಎಂದು ನೋಡಬೇಕು, ಏಕೆಂದರೆ ಗರ್ಭಪಾತವೂ, ನಾಳದಲ್ಲಿ ಗರ್ಭ ಕಟ್ಟುವ ಅಪಾಯದ ಸ್ಥಿತಿಯೂ ಅಕಾಲದ ಮುಟ್ಟಿನಂತೆಯೇ ತೋರಬಹುದು. ಅನಂತರ ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್. ವಯಸ್ಸು 45 ದಾಟಿದ್ದರೆ ಅಥವಾ ಔಷಧಕ್ಕೆ ಸ್ರಾವ ಬಗ್ಗದಿದ್ದರೆ ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ ಒಳಪೊರೆಯ ಚೂರು ತೆಗೆದು ಪರೀಕ್ಷಿಸುತ್ತಾರೆ. ಜನ ‘ಕ್ಲೀನ್ ಮಾಡಿಸುವುದು’ ಎನ್ನುವ ಡಿ ಅಂಡ್ ಸಿ ಮುಖ್ಯವಾಗಿ ಪರೀಕ್ಷೆಯ ದಾರಿಯಾಗಿದ್ದು, ಅದರಿಂದ ಕಾಯಿಲೆ ವಾಸಿಯಾಯಿತೆಂದು ನಂಬುವುದು ತಪ್ಪು. ಇವುಗಳಲ್ಲಿ ಹೆಚ್ಚಿನವಕ್ಕೆ ಬೊಬ್ರುವಾಡದವರು ದೂರದ ಊರಿಗೆ ಹೋಗಬೇಕಿಲ್ಲ: ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆಯಿದೆ, ಸುಮಾರು 35 ಕಿಲೋಮೀಟರ್ ದೂರದ ಕಾರವಾರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಅಲೆಯುವುದು ಈ ಜಿಲ್ಲೆಯ ಹಳೆಯ ಪಾಡು. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯಲ್ಲಿ ಎದ್ದ ಕೂಗು ಆ ಪಾಡಿನಿಂದಲೇ ಹುಟ್ಟಿದ್ದು. ಆದರೆ ಮುಟ್ಟಿನ ತೊಂದರೆಯಲ್ಲಿ ಹೆಚ್ಚು ಕಾಲ ಹಾಳಾಗುವುದು ದಾರಿಯಲ್ಲಲ್ಲ, ಮನೆಯಲ್ಲಿ.

ಚಿಕಿತ್ಸೆಯ ಮೊದಲ ಮಾತು ಕಬ್ಬಿಣಾಂಶ. ಎರಡು ಮಿಲಿಲೀಟರ್ ರಕ್ತದೊಂದಿಗೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ದೇಹ ಊಟದಿಂದ ದಿನವೊಂದಕ್ಕೆ ಹೀರಿಕೊಳ್ಳುವುದೂ ಒಂದೆರಡು ಮಿಲಿಗ್ರಾಂ ಅಷ್ಟೇ. ಹೀಗಾಗಿ ಪ್ರತಿ ತಿಂಗಳೂ 80 ಮಿಲಿಲೀಟರ್ ಮೀರಿ ಕಳೆದುಕೊಳ್ಳುವ ಹೆಂಗಸು ಎಷ್ಟೇ ಚೆನ್ನಾಗಿ ಉಂಡರೂ ಸಾಲದಲ್ಲಿಯೇ ಉಳಿಯುತ್ತಾಳೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡಾ 48 ಮಂದಿಗೆ ರಕ್ತಹೀನತೆಯಿತ್ತು. ಬಳಚು, ಮೀನು, ಹರಿವೆಸೊಪ್ಪು ಒಳ್ಳೆಯವೇ ಆದರೂ ಖಾಲಿಯಾದ ಕಣಜವನ್ನು ಅವು ಮಾತ್ರವೇ ತುಂಬಲಾರವು. ಕಬ್ಬಿಣದ ಮಾತ್ರೆ, ತೀರಾ ಕಡಿಮೆಯಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಬೇಕಾಗುತ್ತದೆ. ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಅರ್ಧ ವ್ಯರ್ಥ, ನಿಂಬೆರಸದ ಜೊತೆ ನುಂಗಿದರೆ ಲಾಭ.

ಸ್ರಾವ ತಗ್ಗಿಸುವ ಔಷಧಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಲೋಕಕ್ಕೆ ತಿಳಿಸಿದರು. ಬಾಣಂತಿಯರು ರಕ್ತ ಹೋಗಿ ಸಾಯುವುದನ್ನು ತಡೆಯಬೇಕೆಂಬುದೇ ಉಟಾಕೊ ಅವರ ಹುಡುಕಾಟವಾಗಿತ್ತು. ಇದು ಹಾರ್ಮೋನಲ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ಕಾಯುತ್ತದೆ, ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗಿದರೆ ಸಾಕು. ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಇತಿಹಾಸವಿರುವವರಿಗೆ ಇದು ಸಲ್ಲದು. ಅಂಡ ಬಿಡುಗಡೆಯಾಗದೆ ಲಯ ತಪ್ಪಿದವರಿಗೆ ಕೊರತೆಯಾದ ಪ್ರೊಜೆಸ್ಟೆರಾನನ್ನೇ ಮಾತ್ರೆಯಾಗಿ ಕೊಟ್ಟು, ಗಜನಿಯ ಕಟ್ಟೆಗೆ ಬಾಗಿಲು ಕೂಡಿಸಿದಂತೆ ಮಾಡುತ್ತಾರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗರ್ಭನಿರೋಧಕವಾಗಿ ರೂಪಿಸಿದ, 1991ರಲ್ಲಿ ‘ಸಹೇಲಿ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆರ್ಮೆಲಾಕ್ಸಿಫೀನ್ ಕೂಡ ಅತಿಸ್ರಾವಕ್ಕೆ ಭಾರತದಲ್ಲಿ ಬಳಕೆಯಲ್ಲಿದೆ. ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಹಾರ್ಮೋನು ತುಂಬಿದ ವಂಕಿ. ಐದು ವರ್ಷ ಅಥವಾ ಹೆಚ್ಚು ಕಾಲ ಗರ್ಭಕೋಶದೊಳಗೇ ಇದ್ದು ದಿನಕ್ಕೆ ಮೈಕ್ರೋಗ್ರಾಂಗಳ ಲೆಕ್ಕದಲ್ಲಿ ಔಷಧ ಬಿಡುವ ಇದು ಸ್ರಾವವನ್ನು ಬಹುಪಾಲು ಇಳಿಸುತ್ತದೆ. ವಂಕಿ ಎಂದೊಡನೆ ಕಾಪರ್-ಟಿಯನ್ನೇ ನೆನೆದು ‘ಇನ್ನೂ ಹೆಚ್ಚು ಹೋಗುತ್ತದೆ’ ಎಂದು ಬೇಡವೆನ್ನುವವರು ಬಹಳ. ಎರಡರ ಗುಣವೂ ತದ್ವಿರುದ್ಧ. ಪಾಲಿಪ್ ಇದ್ದರೆ ದುರ್ಬೀನಿನಿಂದ ಅದನ್ನಷ್ಟೇ, ಫೈಬ್ರಾಯ್ಡ್ ಕಾಡುತ್ತಿದ್ದರೆ ಗಂಟನ್ನಷ್ಟೇ ತೆಗೆಯಬಹುದು.

ಪಶ್ಚಿಮ ಘಟ್ಟದ ಸೀತಾಶೋಕದ ತೊಗಟೆ ಕೆಂಪು ಸೆರಗಿಗೆ ಮದ್ದೆಂದು ಹಿಂದಿನಿಂದಲೂ ಹೆಸರಾಗಿದ್ದು, ಅಶೋಕಾರಿಷ್ಟ ಇಂದಿಗೂ ಮನೆಗಳಲ್ಲಿದೆ. ತೊಗಟೆಗಾಗಿ ಸುಲಿದು ಸುಲಿದು ಆ ಮರ ಅಪಾಯದ ಅಂಚಿನ ಪಟ್ಟಿಗೆ ಸೇರಿದೆ, ಉದ್ದಕ್ಕೆ ಬೆಳೆಯುವ ಕಂಬದ ಅಶೋಕದ ತೊಗಟೆ ಅದರ ಹೆಸರಿನಲ್ಲಿ ಮಾರಾಟವಾಗುತ್ತದೆ. ಅರಿಷ್ಟ ಕುಡಿಯುವುದಕ್ಕಿಂತ, ಅದನ್ನು ಕುಡಿಯುತ್ತಾ ವರ್ಷಗಟ್ಟಲೆ ಕಾರಣ ಹುಡುಕದೆ ಕೂರುವುದೇ ಹೆಚ್ಚಿನ ಅಪಾಯ.

ಇನ್ನುಳಿದದ್ದು ಗರ್ಭಕೋಶ ತೆಗೆಸುವ ಮಾತು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು, ಹಲವರು ಮೂವತ್ತು ತುಂಬುವ ಮೊದಲೇ. ಆಮೇಲೆ ಮುಟ್ಟಿನ ತೊಂದರೆ ಬಂದರೆ ‘ಮಕ್ಕಳಾಯಿತಲ್ಲ, ಇನ್ನು ಗರ್ಭಕೋಶ ಯಾತಕ್ಕೆ’ ಎಂಬ ಒಂದು ಮಾತು ಮನೆಯವರ ಬಾಯಲ್ಲೂ ಕೆಲವು ವೈದ್ಯರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಆ ಮಾತು ಎಲ್ಲಿಗೆ ಮುಟ್ಟಬಹುದೆಂಬುದನ್ನು ಕಲಬುರಗಿ ಜಿಲ್ಲೆ ತೋರಿಸಿದೆ: ಹೊಟ್ಟೆನೋವು, ಬಿಳಿಸೆರಗು, ಅತಿಸ್ರಾವ ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಬಡ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ಕ್ಯಾನ್ಸರ್ ಆದೀತೆಂದು ಹೆದರಿಸಿ, ಎಳೆಯ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆದದ್ದು 2015ರಲ್ಲಿ ಬೆಳಕಿಗೆ ಬಂದು, ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಹಿಡಿದು ಡಾ. ನರೇಂದ್ರ ಗುಪ್ತಾ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪಿತ್ತು, ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದ ನಿಗಾ ಸಮಿತಿಗಳು ಅದರ ಭಾಗ.

ಕ್ಯಾನ್ಸರ್ ಖಚಿತವಾದಾಗ, ದೊಡ್ಡ ಗಡ್ಡೆಗಳಿಂದ ಬೇರೆ ಯಾವ ಚಿಕಿತ್ಸೆಗೂ ಸ್ರಾವ ನಿಲ್ಲದಿದ್ದಾಗ, ಎಲ್ಲ ದಾರಿಗಳನ್ನೂ ತಿಳಿದ ಹೆಂಗಸು ತಾನಾಗಿ ಇದನ್ನೇ ಆರಿಸಿಕೊಂಡಾಗ ಈ ಶಸ್ತ್ರಚಿಕಿತ್ಸೆ ನಿಜವಾದ ಬಿಡುಗಡೆಯೇ ಸರಿ. ಆದರೆ ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆಯುತ್ತಾರೆಯೇ ಎಂಬ ಪ್ರಶ್ನೆಯನ್ನು ಮುಂಚೆಯೇ ಕೇಳಬೇಕು. 45ಕ್ಕೆ ಮುಂಚೆ ಅಂಡಾಶಯ ಕಳೆದುಕೊಂಡವಳಿಗೆ ಮುಟ್ಟು ನಿಂತ ಮೇಲಿನ ಮೈಬಿಸಿ, ನಿದ್ದೆಗೇಡು, ಎಲುಬು ಸವೆತಗಳು ಒಮ್ಮೆಲೇ ಬರುತ್ತವೆ, ಹೃದ್ರೋಗದ ಸಾಧ್ಯತೆಯೂ ಏರುತ್ತದೆ. ಅಂಡಾಶಯ ಉಳಿಸಿದರೂ ಅವು ಕೆಲವರಲ್ಲಿ ನಿರೀಕ್ಷೆಗಿಂತ ಬೇಗ ದಣಿಯುತ್ತವೆ. ತೆಗೆದ ಗರ್ಭಕೋಶ ರೋಗಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಲೇಬೇಕು, ಅದರ ವರದಿಯೂ, ಏನೇನು ತೆಗೆದರೆಂಬ ಡಿಸ್ಚಾರ್ಜ್ ಚೀಟಿಯೂ ಆಕೆಯ ಕೈಯಲ್ಲೇ ಇರಬೇಕು. ಹತ್ತು ವರ್ಷದ ಮೇಲೆ ಬೇರೊಂದು ಊರಿನ ವೈದ್ಯರು ‘ಅಂಡಾಶಯ ಇದೆಯೇ, ತೆಗೆದಿದ್ದಾರೆಯೇ’ ಎಂದು ಕೇಳಿದಾಗ ಉತ್ತರ ಹೇಳುವುದು ಆ ಕಾಗದವೇ.