ನೇತ್ರದಾನವೂ ಮನೆಯವರ ಕರ್ತವ್ಯವೂ

ಅನ್ನದಾನ, ವಿದ್ಯಾದಾನ, ಔಷಧದಾನ ಮೊದಲಾದ ದಾನಗಳನ್ನು ನಮ್ಮ ಹಿರಿಯರು ಬಹುಕಾಲದಿಂದಲೂ ಕೊಂಡಾಡುತ್ತ ಬಂದಿರುವರು. ಇವೆಲ್ಲವುಗಳಲ್ಲಿಯೂ ಕೊಡುವವನು ತಾನೇ ಎದುರಿಗೆ ನಿಂತು, ತನ್ನ ಕೈಯಿಂದಲೇ ಕೊಟ್ಟು, ಪಡೆದವನ ಮುಖದಲ್ಲಿ ಮೂಡುವ ತೃಪ್ತಿಯನ್ನು ಕಂಡು ಸಂತೋಷಪಡಬಹುದು. ಆದರೆ ಒಂದು ದಾನವುಂಟು. ಅದನ್ನು ಸಂಕಲ್ಪಿಸುವವನು ಒಬ್ಬನು, ನೆರವೇರಿಸತಕ್ಕವರು ಬೇರೆಯವರು. ಸಂಕಲ್ಪಿಸಿದವನು ಎಷ್ಟೇ ದೃಢಮನಸ್ಕನಾಗಿದ್ದರೂ ಕೊಡುವ ಹೊತ್ತಿಗೆ ಅವನು ಇರುವುದಿಲ್ಲ. ಅದೇ ನೇತ್ರದಾನ. ಈ ದಾನವು ನಡೆಯುವುದೂ ತಪ್ಪುವುದೂ ಮನೆಯವರ ಕೈಯಲ್ಲಿಯೇ ಇರುವುದರಿಂದ, ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಇದನ್ನು ಸ್ವಲ್ಪ ವಿಸ್ತಾರವಾಗಿ ಪ್ರಸ್ತಾಪಿಸುವುದು ಅನುಚಿತವಾಗಲಾರದು.

ಬೆಂಗಳೂರಿನ ಪಶ್ಚಿಮಭಾಗದ ನಿವಾಸಿಗಳಿಗೆ ಈ ವಿಷಯವು ದೂರದ್ದಲ್ಲ. ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯವನ್ನು ಅರಿಯದವರು ಆ ಕಡೆಯಲ್ಲಿ ವಿರಳ. 2023ರಲ್ಲಿ ದಿವಂಗತರಾದ ಡಾಕ್ಟರ್ ಕೆ. ಭುಜಂಗ ಶೆಟ್ಟರು 1982ರಲ್ಲಿ ಒಂದು ಸಣ್ಣ ಚಿಕಿತ್ಸಾಲಯವಾಗಿ ಆರಂಭಿಸಿದ ಸಂಸ್ಥೆಯಿದು. 1994ರಲ್ಲಿ ಇಲ್ಲಿ ಒಂದು ನೇತ್ರ ಬ್ಯಾಂಕು ಸ್ಥಾಪಿತವಾಯಿತು. ವರನಟ ರಾಜ್‌ಕುಮಾರರು ಅದನ್ನು ಉದ್ಘಾಟಿಸಿ, ತಮ್ಮ ಕಣ್ಣುಗಳನ್ನು ಮಾತ್ರವಲ್ಲದೆ ತಮ್ಮ ಕುಟುಂಬದವರೆಲ್ಲರ ಕಣ್ಣುಗಳನ್ನೂ ದಾನಮಾಡುವುದಾಗಿ ವಚನವಿತ್ತರು. ಬ್ಯಾಂಕಿಗೆ ಅವರ ಹೆಸರೇ ಇರುವುದು.

ಇಲ್ಲೊಂದು ಸ್ವಾರಸ್ಯವನ್ನು ನೆನೆಯಬಹುದು. ರಾಜ್‌ಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ ಚಲನಚಿತ್ರವು 1954ರ 'ಬೇಡರ ಕಣ್ಣಪ್ಪ'. ಶಿವನ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟ ಬೇಡನ ಕಥೆಯನ್ನು ಹರಿಹರ ಕವಿಯು ರಗಳೆಯಲ್ಲಿ ಹಾಡಿರುವನು. ನಮ್ಮ ಅಜ್ಜಿಯಂದಿರು ಮಕ್ಕಳಿಗೆ ಹೇಳಿರುವರು. ಕಣ್ಣಪ್ಪನು ವೇದಶಾಸ್ತ್ರಗಳನ್ನು ಬಲ್ಲವನಲ್ಲ. ಎದುರಿಗಿರುವವನಿಗೆ ಕಣ್ಣಿಲ್ಲ, ತನಗೆ ಉಂಟು ಎಂಬಿಷ್ಟೇ ಅವನಿಗೆ ತಿಳಿದದ್ದು. ಅವನು ಬದುಕಿರುವಾಗಲೇ ನೋವನ್ನುಂಡು ಕೊಟ್ಟುದನ್ನು ನಾವು ನೋವಿಲ್ಲದೆ, ನಮಗೆ ಇನ್ನು ಬೇಡವಾದ ಮೇಲೆ ಕೊಡಬಹುದಾದ ಕಾಲವು ಬಂದಿರುವುದು.

ರಾಜ್‌ಕುಮಾರರು 2006ನೆಯ ಏಪ್ರಿಲ್ 12ರಂದು ತೀರಿಕೊಂಡರು. ಊರಿಗೆ ಊರೇ ತಲ್ಲಣಿಸಿದ ಆ ದಿನದಲ್ಲಿಯೂ ಮನೆಯವರು ಮಾತನ್ನು ಮರೆಯಲಿಲ್ಲ. ಕಣ್ಣುಗಳು ಬ್ಯಾಂಕನ್ನು ಸೇರಿದವು. 2017ರಲ್ಲಿ ಪಾರ್ವತಮ್ಮನವರು ನಿಧನರಾದಾಗಲೂ ಹಾಗೆಯೇ ನಡೆಯಿತು. 2021ನೆಯ ಅಕ್ಟೋಬರ್ 29ರಂದು ಕಿರಿಯ ಮಗ ಪುನೀತರು ನಲವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ಅಗಲಿದರು. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನಕ್ಕೆ ಇಲ್ಲ. ಅಂತಹ ಆಘಾತದಲ್ಲಿ ಮಿಕ್ಕ ಯಾವ ವಿಷಯಕ್ಕೂ ಮನಸ್ಸು ಓಡುವುದು ದುಸ್ತರ. ಆದಾಗ್ಯೂ ಕಣ್ಣುಗಳು ಸಕಾಲದಲ್ಲಿ ದಾನವಾದವು. ವೈದ್ಯರು ಒಂದೊಂದು ಕಣ್ಣಿನ ಪೊರೆಯನ್ನೂ ಮುಂಪದರ, ಹಿಂಪದರಗಳಾಗಿ ಬಿಡಿಸಿ, ಯಾರಿಗೆ ಯಾವುದು ಕೆಟ್ಟಿತ್ತೋ ಅವರಿಗೆ ಅದನ್ನು ಜೋಡಿಸಿದರು. ಹೀಗೆ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿಯು ಲಭಿಸಿತು. ತರುವಾಯ ನಾಡಿನ ಸಾವಿರಾರು ಮಂದಿ ತಾವೂ ಕಣ್ಣು ಕೊಡುವುದಾಗಿ ಪ್ರತಿಜ್ಞಾಪತ್ರಗಳನ್ನು ಬರೆದುಕೊಟ್ಟರು.

ಜನರ ಈ ಉತ್ಸಾಹವು ಶ್ಲಾಘ್ಯವೇ ಸರಿ. ಆದರೆ ಮೇಲಿನ ಮೂರು ಸಂದರ್ಭಗಳಲ್ಲಿಯೂ ದಾನವನ್ನು ನಡೆಯಿಸಿದ್ದು ಕಾಗದವಲ್ಲ, ಮನೆಯವರ ಜ್ಞಾಪಕ. ಪ್ರತಿಜ್ಞಾಪತ್ರವು ಪೆಟ್ಟಿಗೆಯ ತಳದಲ್ಲಿದ್ದು, ಮಗನಿಗೂ ಸೊಸೆಗೂ ಅದರ ಸುದ್ದಿಯೇ ತಿಳಿಯದಿದ್ದರೆ ಅದರಿಂದ ಏನು ಫಲ? ಅದಕ್ಕೆ ವಿರುದ್ಧವಾಗಿ, ಯಾವ ಪತ್ರವನ್ನೂ ಬರೆಯದೆ ತೀರಿಕೊಂಡವರ ಕಣ್ಣುಗಳನ್ನೂ ಹತ್ತಿರದ ಬಂಧುಗಳು ಒಪ್ಪಿದರೆ ಕೊಡಬಹುದು.

ಕೊಡುವುದು ಏನನ್ನು ಎಂಬುದನ್ನು ತಿಳಿಯೋಣ. ಕಣ್ಣಿನ ಕಪ್ಪುಗುಡ್ಡೆಯ ಮುಂಭಾಗದಲ್ಲಿ, ಗಡಿಯಾರದ ಮುಖಕ್ಕೆ ಗಾಜು ಇದ್ದಂತೆ, ತಿಳಿಯಾದ ಒಂದು ಪೊರೆಯಿರುವುದು. ಇದನ್ನು ವೈದ್ಯರು ಕಾರ್ನಿಯ ಎನ್ನುವರು. ಅದರ ದಪ್ಪವು ಸುಮಾರು ಅರ್ಧ ಮಿಲಿಮೀಟರು. ಇದು ಮಬ್ಬಾದರೆ ಒಳಗಿನ ಕಣ್ಣು ಎಷ್ಟು ಚೆನ್ನಾಗಿದ್ದರೂ ಬೆಳಕು ಒಳಹೋಗದು. ಗದ್ದೆಯಲ್ಲಿ ದುಡಿಯುವವರಿಗೆ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ತಾಗಿ ಹುಣ್ಣಾಗುವುದು. ಎಳೆಯ ಮಕ್ಕಳಿಗೆ ಪೌಷ್ಟಿಕ ಆಹಾರವಿಲ್ಲದೆ, ಅದರಲ್ಲಿಯೂ ಎ ಜೀವಸತ್ತ್ವದ ಕೊರತೆಯಿಂದ, ಪೊರೆಯು ಕೆಡುವುದು. ಎಲೆಯಡಿಕೆಯ ಸುಣ್ಣದೊಡನೆ ಆಟವಾಡುವ ಕೂಸಿನ ಕಣ್ಣಿಗೆ ಸುಣ್ಣ ಸಿಡಿಯುವುದೂ ಉಂಟು. ಗೃಹಿಣಿಯರು ಸುಣ್ಣದ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು. ಸಿಡಿದರೆ ಒಡನೆಯೇ ಬಹಳ ಹೊತ್ತು ಶುದ್ಧವಾದ ನೀರಿನಿಂದ ತೊಳೆದು, ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಮನುಷ್ಯನ ಕಣ್ಣಿನ ಪೊರೆಯನ್ನು ಮತ್ತೊಬ್ಬನಿಗೆ ಮೊಟ್ಟಮೊದಲು ಯಶಸ್ವಿಯಾಗಿ ಕಸಿಮಾಡಿದ್ದು 1905ನೆಯ ಡಿಸೆಂಬರಿನಲ್ಲಿ, ಯೂರೋಪಿನ ಮೊರಾವಿಯ ಪ್ರಾಂತದಲ್ಲಿ. ಅಂದು ದೃಷ್ಟಿ ಪಡೆದವನು ಸುಣ್ಣದಿಂದಲೇ ಕಣ್ಣು ಕಳೆದುಕೊಂಡಿದ್ದ ಒಬ್ಬ ಬಡ ಕೂಲಿಗಾರನು; ಚಿಕಿತ್ಸೆ ಮಾಡಿದವರು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು. ನಮ್ಮ ದೇಶದಲ್ಲಿ ಮೊದಲ ನೇತ್ರ ಬ್ಯಾಂಕು 1945ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. 1994ರ ಅಂಗಾಂಗ ಕಸಿ ಕಾನೂನಿನ ಮೇರೆಗೆ ಕಣ್ಣುಗಳನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ಈಗ ಅನುಷ್ಠಾನದ ಮಾತು. ಪ್ರಾಣ ಹೋದ ಆರು ಗಂಟೆಗಳೊಳಗಾಗಿ ಕಣ್ಣುಗಳನ್ನು ತೆಗೆಯಬೇಕು, ಬೇಗನಾದಷ್ಟೂ ಉತ್ತಮ. ಕೆಂಗೇರಿಯಿಂದ ಕರೆ ಹೋದರೆ, ವಾಹನಗಳ ಸಂದಣಿಯಲ್ಲಿ ರಾಜಾಜಿನಗರದಿಂದ ಬರುವುದಕ್ಕೇ ಒಂದು ಗಂಟೆ ಹಿಡಿಯಬಹುದು. ಆದ್ದರಿಂದ ಮೊದಲು ನೇತ್ರ ಬ್ಯಾಂಕಿಗೆ ದೂರವಾಣಿಯಲ್ಲಿ ತಿಳಿಸತಕ್ಕದ್ದು. ಅವರು ಬರುವಷ್ಟರಲ್ಲಿ ಮೃತರ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ, ಮೇಲೆ ಒದ್ದೆಯಾದ ಹತ್ತಿಯನ್ನಿಡಬೇಕು. ಫ್ಯಾನನ್ನು ನಿಲ್ಲಿಸಬೇಕು, ಗಾಳಿಗೆ ಪೊರೆಯು ಒಣಗುವುದು. ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ಸಮೀಪದ ವೈದ್ಯರನ್ನು ಕರೆಸಿ ಮರಣಪತ್ರವನ್ನು ಬರೆಯಿಸಿಡಬೇಕು. ಬ್ಯಾಂಕಿನವರು ಮನೆಗೇ ಬಂದು ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿ, ಪರೀಕ್ಷೆಗಾಗಿ ಸ್ವಲ್ಪ ರಕ್ತವನ್ನು ತೆಗೆದುಕೊಂಡು ಹೋಗುವರು. ಮುಖವು ವಿಕಾರವಾಗುವುದಿಲ್ಲ, ದರ್ಶನಕ್ಕೆ ಬಂದವರಿಗೆ ಭೇದವೇ ತಿಳಿಯದು. ಮನೆಯವರಿಗೆ ಕಾಸಿನ ವೆಚ್ಚವೂ ಇಲ್ಲ.

ಕನ್ನಡಕ ಹಾಕುತ್ತಿದ್ದವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಎಂಬತ್ತು ದಾಟಿದ ವೃದ್ಧರು, ಎಲ್ಲರೂ ಕೊಡಬಹುದು. ಹುಚ್ಚುನಾಯಿ ಕಡಿತ, ಏಡ್ಸ್, ರಕ್ತದ ಕ್ಯಾನ್ಸರು ಮೊದಲಾದ ಕೆಲವು ರೋಗಗಳಿಂದ ತೀರಿಕೊಂಡವರ ಕಣ್ಣುಗಳನ್ನು ಕಸಿಗೆ ಸ್ವೀಕರಿಸುವುದಿಲ್ಲ. ತಕ್ಕುದೋ ಅಲ್ಲವೋ ಎಂಬ ನಿರ್ಣಯವನ್ನು ವೈದ್ಯರಿಗೆ ಬಿಡುವುದೇ ಲೇಸು. ಮನೆಯವರು ತಾವೇ ಊಹಿಸಿ ಸುಮ್ಮನಾಗಬಾರದು.

ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುವನೆಂಬ ಭೀತಿಯು ಕೆಲವರಲ್ಲಿ ಇನ್ನೂ ಉಳಿದಿರುವುದು. ಇಂತಹವರನ್ನು ಜರೆಯುವುದರಿಂದ ಪ್ರಯೋಜನವಿಲ್ಲ. ಅಗಲಿದವರ ಮೇಲಿನ ಪ್ರೀತಿಯೇ ಆ ಭೀತಿಯ ಮೂಲ. ಅವರೊಡನೆ ನಯವಾಗಿ ಒಂದು ಮಾತನ್ನಾಡಬಹುದು: ಬೆನ್ನೆಲುಬನ್ನು ಕೊಟ್ಟ ದಧೀಚಿಗೂ, ಮೈಯ ಮಾಂಸವನ್ನು ತೂಗಿಕೊಟ್ಟ ಶಿಬಿಗೂ, ಕಣ್ಣನ್ನಿತ್ತ ಕಣ್ಣಪ್ಪನಿಗೂ ಸದ್ಗತಿಯಾಯಿತೆಂದೇ ನಾವು ನಂಬಿರುವೆವು. ಬೆಂಕಿಗೋ ಮಣ್ಣಿಗೋ ಸಲ್ಲುವ ಪೊರೆಯು ಮತ್ತೊಬ್ಬರ ಮನೆಯ ದೀಪವಾದರೆ ದೇವರು ಮುನಿಯುವನೆ?

ಕೊನೆಯದಾಗಿ ನೆರೆಹೊರೆಯವರ ವಿಷಯ. ವಿಜಯನಗರ, ಬಸವೇಶ್ವರನಗರದಂತಹ ಬಡಾವಣೆಗಳಲ್ಲಿ ಇಂದಿಗೂ ಒಂದು ಮನೆಯಲ್ಲಿ ಸಾವಾದರೆ ಬೀದಿಯವರು ಕೂಡುವರು. ಒಬ್ಬನು ಪುರೋಹಿತರನ್ನೋ ಜಂಗಮರನ್ನೋ ಕರೆತರಲು ಹೋಗುವನು, ಮತ್ತೊಬ್ಬನು ಫ್ರೀಜರ್ ಪೆಟ್ಟಿಗೆಯನ್ನು ತರಿಸುವನು, ಇನ್ನೊಬ್ಬನು ಹರಿಶ್ಚಂದ್ರ ಘಾಟಿಗೆ ಓಡುವನು, ಎದುರುಮನೆಯ ತಾಯಿ ಕಾಫಿ ಮಾಡಿ ತರುವಳು. ಇವು ಯಾವುದಕ್ಕೂ ಸಂಘವಿಲ್ಲ, ಅಧ್ಯಕ್ಷರಿಲ್ಲ, ಆದರೂ ನಡೆದುಹೋಗುವುವು. ಈ ಕೆಲಸಗಳ ಸಾಲಿಗೆ ಮತ್ತೊಂದನ್ನು ಸೇರಿಸಿದರೆ ಸಾಕು. ಗೋಳಾಡುವವರು ಒಂದಿಷ್ಟು ಸಮಾಧಾನಗೊಂಡಾಗ, ಹಿರಿಯರೊಬ್ಬರು ಮನೆಯವರ ಬಳಿ ಕುಳಿತು, "ಅವರ ಕಣ್ಣನ್ನು ಕೊಡೋಣವೇ?" ಎಂದು ಮೆಲ್ಲಗೆ ಕೇಳಬೇಕು. ಒಪ್ಪಿದರೆ ಒಡನೆಯೇ ಕರೆಮಾಡಬೇಕು. ಒಪ್ಪದಿದ್ದರೆ ಎರಡನೆಯ ಮಾತಾಡದೆ ಎದ್ದುಬಂದು ಮಿಕ್ಕ ಕೆಲಸಕ್ಕೆ ಕೈಹಾಕಬೇಕು. ದುಃಖದ ಮನೆಯಲ್ಲಿ ಬಲವಂತವು ಸಲ್ಲದು. ಹಣವಿಲ್ಲದವನೂ, ಬಿಡುವಿಲ್ಲದವನೂ ಮಾಡಬಹುದಾದ ಲೋಕಸೇವೆಯಿದು.

ಆದರೆ ಈ ಪ್ರಶ್ನೆಯು ಶೋಕದ ನಡುವೆ ಮೊದಲ ಬಾರಿಗೆ ಏಳುವುದಕ್ಕಿಂತ, ಎಲ್ಲರೂ ಸುಖವಾಗಿರುವಾಗಲೇ ಇತ್ಯರ್ಥವಾಗಿದ್ದರೆ ಎಷ್ಟೋ ಮೇಲು. ವರ್ಷವರ್ಷವೂ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ದೇಶದಲ್ಲೆಲ್ಲ ನೇತ್ರದಾನ ಪಕ್ಷವನ್ನು ಆಚರಿಸುವರು. ಅಷ್ಟು ಕಾಯಬೇಕಾದದ್ದೂ ಇಲ್ಲ. ಒಂದು ರಾತ್ರಿ ಊಟವಾದ ಮೇಲೆ ಮನೆಯ ಯಜಮಾನರೋ ಯಜಮಾನಿಯೋ ಮಕ್ಕಳನ್ನು ಕೂರಿಸಿಕೊಂಡು ತಮ್ಮ ಇಷ್ಟವನ್ನು ಬಾಯಿಬಿಟ್ಟು ಹೇಳಲಿ. ಮಕ್ಕಳು ಅದನ್ನು ಅಪಶಕುನವೆಂದು ತಡೆಯದೆ ಕೇಳಲಿ. ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಕ್ಯಾಲೆಂಡರಿನ ಮಗ್ಗುಲಲ್ಲಿ, ಹಾಲಿನವನ ಸಂಖ್ಯೆಯ ಕೆಳಗೆ, ದೊಡ್ಡ ಅಕ್ಷರಗಳಲ್ಲಿ ಬರೆದಿಡಲಿ. ಆ ಒಂದು ಸಾಲನ್ನು ಬರೆಯುವುದಕ್ಕೆ ಹಿಡಿಯುವುದು ಅರೆನಿಮಿಷ; ಅದರಿಂದ ಎಂದೋ ಒಂದು ದಿನ, ನಾವು ಹೆಸರೂ ಅರಿಯದ ಯಾರೋ ಒಬ್ಬರು ತಮ್ಮ ಮಗುವಿನ ಮುಖವನ್ನು ನೋಡುವರು.