ಪಿತ್ತನಾಳಕ್ಕೊಂದು ಕೊಳವೆ

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಅದೆಲ್ಲ ಸಣ್ಣ ಕರುಳಿಗೆ ಇಳಿಯುವುದು ಸುಮಾರು 6 ಮಿಲಿಮೀಟರ್ ಅಗಲದ ಪಿತ್ತನಾಳದ ಮೂಲಕ. ಪಿತ್ತಕೋಶದ ಕಲ್ಲು ಜಾರಿ ಬಂದು ಅಲ್ಲಿ ಸಿಕ್ಕಿಕೊಂಡರೆ, ಮೇದೋಜ್ಜೀರಕ ಗ್ರಂಥಿಯ ಗೆಡ್ಡೆ ಹೊರಗಿನಿಂದ ಅದುಮಿದರೆ, ಹಳೆಯ ಆಪರೇಷನ್ನಿನ ಗಾಯ ಮಾಯುತ್ತ ನಾಳ ಬಿಗಿದುಕೊಂಡರೆ ಪಿತ್ತದ ಅಂಶ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಮಲ ಜೇಡಿಮಣ್ಣಿನಂತೆ ಬಿಳಚುತ್ತದೆ, ಮೈಯೆಲ್ಲ ತುರಿಕೆ. ವೈರಸ್ಸಿನ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ನಾಟಿ ಔಷಧಕ್ಕೆ ಹೆಸರು ಬಂದಿದೆ. ನಾಳ ಕಟ್ಟಿದ ಕಾಮಾಲೆಗೂ ಅದನ್ನೇ ನಂಬಿ ವಾರಗಟ್ಟಲೆ ಕಾದರೆ ಸೋಂಕು ರಕ್ತಕ್ಕೇರಿ ಪ್ರಾಣಕ್ಕೇ ಕುತ್ತು ತರಬಹುದು.

ಹಿಂದೆ ಇದಕ್ಕೆ ಹೊಟ್ಟೆ ಕೊಯ್ಯಬೇಕಿತ್ತು, ಇಲ್ಲವೇ ಪಕ್ಕೆಯಿಂದ ಸೂಜಿ ಚುಚ್ಚಿ ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸಬೇಕಿತ್ತು. 1970ರ ದಶಕದ ಕೊನೆಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಿಬ್ ಸೊಹೆಂದ್ರ ಬಾಯಿಯಿಂದಿಳಿಸಿದ ಎಂಡೋಸ್ಕೋಪಿನ ಮೂಲಕವೇ ನಾಳದೊಳಗೆ ಪ್ಲಾಸ್ಟಿಕ್ ಕೊಳವೆ ಕೂರಿಸಿ ತೋರಿಸಿದರು. ಆ ಸ್ಟೆಂಟ್ ಇಂದಿಗೂ ಬಳಕೆಯಲ್ಲಿದೆ. ದಪ್ಪ ಬಾಲ್‌ಪೆನ್ ರೀಫಿಲ್ಲಿನಷ್ಟು, ಅಂದರೆ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಜಾರದಂತೆ ಎರಡೂ ತುದಿಯಲ್ಲಿ ಪುಟ್ಟ ರೆಕ್ಕೆಗಳು. ಬೆಲೆ ಕಡಿಮೆ, ತೆಗೆಯುವುದೂ ಸುಲಭ. ಆದರೆ ಕರುಳಿನ ಬ್ಯಾಕ್ಟೀರಿಯಾಗಳು ಒಳಗೋಡೆಗೆ ಲೋಳೆಯಾಗಿ ಅಂಟಿ, ಅದರ ಮೇಲೆ ಪಿತ್ತದ ಗಸಿ ಕೂತು, ಮೂರ್ನಾಲ್ಕು ತಿಂಗಳಿಗೆ ಕೊಳವೆಯೇ ಕಟ್ಟಿಕೊಳ್ಳುತ್ತದೆ.

ಅಗಲದ ಕೊಳವೆ ಹಾಕೋಣವೆಂದರೆ ಅದು ಎಂಡೋಸ್ಕೋಪಿನ ಸಂದಿಯಲ್ಲಿ ತೂರದು. ಈ ತೊಡಕನ್ನು ಬಿಡಿಸಿದ್ದು ಲೋಹದ ಜಾಲರಿ. ಇಂದು ಅದನ್ನು ಹೆಚ್ಚಾಗಿ ಹೆಣೆಯುವುದು ನಿಕಲ್–ಟೈಟಾನಿಯಂ ಮಿಶ್ರಲೋಹವಾದ ನಿಟಿನಾಲ್‌ನಿಂದ. ಅದಕ್ಕೆ ತನ್ನ ಮೂಲ ಆಕಾರದ ನೆನಪಿರುತ್ತದೆ. ಸಪೂರ ಕವಚದೊಳಗೆ ಮುದುರಿಕೊಂಡು ಹೋಗುವ ಜಾಲರಿ, ಕವಚ ಹಿಂದೆಳೆದೊಡನೆ ಅರಳತೊಡಗಿ 10 ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ. ಅಡ್ಡಳತೆ ಮೂರು ಪಟ್ಟಾದರೆ ಹರಿಯುವ ಜಾಗ ಒಂಬತ್ತು ಪಟ್ಟು!

ಇದಕ್ಕೂ ಕೊರತೆಯುಂಟು. ಕ್ಯಾನ್ಸರ್ ಗೆಡ್ಡೆ ಜಾಲರಿಯ ಕಣ್ಣುಗಳಿಂದ ಒಳಗೆ ಬೆಳೆದುಬಿಡುತ್ತದೆ. ಅದನ್ನು ತಡೆಯಲು ಸಿಲಿಕೋನ್‌ನಂಥ ಪದರ ಹೊದಿಸಿದರೆ ಸ್ಟೆಂಟ್ ಜಾರಿಕೊಳ್ಳಬಹುದು. ಎಡಬಲದ ನಾಳಗಳು ಕೂಡುವೆಡೆ ಇಂಥದ್ದನ್ನಿಟ್ಟರೆ ಕವಲಿನ ಬಾಯಿಯೇ ಮುಚ್ಚೀತು. ಹೀಗಾಗಿ ಅಲ್ಲಿ ಸಾಮಾನ್ಯವಾಗಿ ಬರಿಯ ಜಾಲರಿಯೇ ವಾಸಿ. ಹೊದಿಕೆಯ ಸ್ಟೆಂಟನ್ನು ಹೊರತೆಗೆಯಲು ಬರುವುದರಿಂದ ಕ್ಯಾನ್ಸರ್ ಅಲ್ಲದ ಬಿಗಿತಕ್ಕೆ ಅದು ಹೊಂದುತ್ತದೆ. 2016ರಲ್ಲಿ ಪ್ರಕಟವಾದ 112 ರೋಗಿಗಳ ಅಧ್ಯಯನದಲ್ಲಿ, ಸಾಲಾಗಿ ಹಲವು ಪ್ಲಾಸ್ಟಿಕ್ ಕೊಳವೆ ಹಾಕುವುದಕ್ಕಿಂತ ಇಂಥ ಒಂದು ಸ್ಟೆಂಟ್ ಕಡಿಮೆಯೆನಿಸಲಿಲ್ಲ. ಎಂಡೋಸ್ಕೋಪಿಯ ಸರದಿಯೂ ತಗ್ಗಿತು. ರೋಗಿಗೆ ದೊಡ್ಡ ಲಾಭ ಈ ಎರಡನೆಯದೇ.

ಗೆಡ್ಡೆಯಿಂದಾಗಿ ನಾಳದ ಬಾಯಿಯೇ ಸಿಗದಿದ್ದರೆ? ಈಗ ಎಂಡೋಸ್ಕೋಪಿನ ತುದಿಯ ಅಲ್ಟ್ರಾಸೌಂಡ್‌ನಿಂದ ಕರುಳಿನ ಗೋಡೆಯಾಚೆ ಉಬ್ಬಿದ ನಾಳವನ್ನು ಗುರುತಿಸಿ, ಗೋಡೆ ಚುಚ್ಚಿ, ಎರಡನ್ನೂ ಗುಂಡಿ ಹಾಕಿದಂತೆ ಬೆಸೆಯುವ ಸ್ಟೆಂಟ್ ಇದೆ. ಪಿತ್ತಕ್ಕೆ ಹೊಸ ದಾರಿಯೇ ತೆರೆದಂತಾಯಿತು. ಚುಚ್ಚುವುದು ಸೂಕ್ಷ್ಮದ ಕೆಲಸ, ಕೈ ಪಳಗಿರಬೇಕು.

ಕಾಮಾಲೆ ಇಳಿದು ಊಟ ಸೇರತೊಡಗಿದ ಮೇಲೆ ಎಷ್ಟೋ ಮಂದಿ ಪ್ಲಾಸ್ಟಿಕ್ ಸ್ಟೆಂಟ್ ಒಳಗಿರುವುದನ್ನೇ ಮರೆಯುತ್ತಾರೆ. ವರ್ಷ ಕಳೆದು ಜ್ವರ, ನಡುಕದೊಂದಿಗೆ ಬಂದಾಗ ಅದರ ಸುತ್ತ ಕಲ್ಲು ಕಟ್ಟಿರುವುದುಂಟು. ಹೊಲಿಗೆ ದಾರಕ್ಕೆ ಬಳಸುವ ಪಾಲಿಡಯಾಕ್ಸನೋನ್‌ನಿಂದ ಹೆಣೆದ, ತಾನಾಗಿ ಕರಗುವ ಸ್ಟೆಂಟ್‌ಗಳು ಹುಟ್ಟಿಕೊಂಡದ್ದು ಇದಕ್ಕೇ. ಅವನ್ನು ತೆಗೆಯಲು ಮತ್ತೆ ಎಂಡೋಸ್ಕೋಪ್ ನುಂಗಬೇಕಿಲ್ಲ. ಆದರೆ ಕರಗುವಾಗ ಉದುರುವ ಚೂರುಗಳು ನಾಳದಲ್ಲಿ ಸಿಕ್ಕಿಕೊಳ್ಳಬಾರದು, ಬಿಗಿತ ಸಡಿಲುವ ಮೊದಲೇ ಕೊಳವೆ ಸೋಲಬಾರದು.